ಬಾಗಿಲಿಗೂ ಕಟ್ಟೆಗೂ ನಡುವೆ

ನಿನ್ನೆ ಗಾಂಧಿನಗರದ ಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಪಕ್ಕದಲ್ಲಿ, ಡಾಕ್ಟರಿಕೆ ಓದುವ ನಮ್ಮ ದೊಡ್ಡ ಮೊಮ್ಮಗಳು ಒಂದು ಪರೀಕ್ಷೆ ರೋಗವನ್ನು ಎಷ್ಟು ಸರಿಯಾಗಿ ಹಿಡಿಯುತ್ತದೆಂದು ನೋಡಲು, ರೋಗಿಗಳ ಫಲಿತಾಂಶವನ್ನು ಕಂಪ್ಯೂಟರಿಗೆ ತುಂಬಿಸುತ್ತಿದ್ದಳು. ರೋಗ ಇದೆ ಎಂದು ಬಂದವರು ಒಂದು ಕಡೆ, ಇಲ್ಲ ಎಂದು ಬಂದವರು ಇನ್ನೊಂದು ಕಡೆ. ಯಾವುದೂ ಖಚಿತವಾಗದ ಕೆಲವರು ನಡುವೆ ಉಳಿದರು.

“ಇವರನ್ನ ತೆಗೆದುಬಿಡೋಣೇನು? ತೆಗೆದ್ರ ಪರೀಕ್ಷಾ ಭಾಳ ಚಂದ ಕೆಲಸ ಮಾಡೇತಿ ಅಂತ ಕಾಣ್ತೈತಿ,” ಎಂದು ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು.

ನನ್ನ ಕೈ ನಿಂತಿತು. ನಾನು ಕಲಿತದ್ದು ರಾರಾವಿಯ ಸಾಲೆಯಲ್ಲಿ. ಕಂಪ್ಯೂಟರ್ ನನ್ನ ಪಾಲಿಗೆ ಟೀವಿಯ ತಂಗಿ, ಅಷ್ಟೇ. ಆದರೆ ಆ ನಡುವೆ ಉಳಿದವರಂಥ ಒಬ್ಬರನ್ನು ನಾನು ಬಲ್ಲೆ. ನಿಮ್ಮ ಅಜ್ಜ.

ಎಪ್ಪತ್ತರ ದಶಕದ ಮಾತು, ಮಕ್ಕಳೇ. ನಿಮ್ಮ ಅಪ್ಪನನ್ನು ಹೆತ್ತು ನಾನಿನ್ನೂ ರಾರಾವಿಯ ತವರಿನಲ್ಲಿದ್ದೆ. ಐದನೆಯ ತಿಂಗಳಿಗೆ ದೇಶನೂರಿನಿಂದ ಗಂಡನ ಮನೆಯವರು ಬಂದು ಬಾಣಂತಿಯನ್ನೂ ಕೂಸನ್ನೂ ಕರೆದೊಯ್ಯಬೇಕು. ಅಷ್ಟರಲ್ಲಿ ಇವರಿಗೆ, ನಿಮ್ಮ ಅಜ್ಜನಿಗೆ, ಬಿಡದ ಕೆಮ್ಮು. ಕ್ಷಯವೇನೋ ಎಂದು ಬಳ್ಳಾರಿಯಲ್ಲಿ ಕಫ ಪರೀಕ್ಷೆ ಮಾಡಿಸಿದರೆ, “ಹೌದೆನ್ನಲೂ ಆಗದು, ಇಲ್ಲವೆನ್ನಲೂ ಆಗದು, ಮುಂದಿನ ತಿಂಗಳು ಬನ್ನಿ” ಎಂದರಂತೆ.

“ಐತಿ ಅಂದಿಲ್ಲಲ್ಲ? ಹಂಗಾದ್ರ ಇಲ್ಲ. ಸೊಸಿನ್ನ ಕಳಿಸ್ರಿ,” ಎಂದು ಮಾವ ಹೇಳಿಕಳಿಸಿದರು.

“ಇಲ್ಲ ಅಂದಿಲ್ಲಲ್ಲ? ಹಂಗಾದ್ರ ಐತಿ. ಕಳಿಸಂಗಿಲ್ಲ,” ಎಂದರು ನನ್ನಪ್ಪ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಾನು ಬಾಗಿಲ ಹಿಂದೆ ಸರಿಯುತ್ತಿದ್ದೆ, ಬಿಡಿ.

ಒಂದು ದಿನ ಅತ್ತೆ ಮಗನನ್ನು ಕರೆದುಕೊಂಡೇ ಬಂದರು. ಅವರನ್ನು ಅಂಗಳದಾಚೆ ಬೇವಿನ ಕಟ್ಟೆಯ ಮೇಲೆ ಕೂಡಿಸಿ, ಬಾಯಿಗೆ ಟವೆಲ್ ಕಟ್ಟಿಸಿ, ಅಪ್ಪನಿಗೆ ಹೇಳಿದರು: “ಗೊತ್ತಾಗಿಲ್ಲ ಅಂದ್ರ ಗೊತ್ತಾಗಿಲ್ಲರೀ ಬೀಗ್ರ. ಐತಿ ಅಂತ ಅವನ್ನ ದೂರ ಮಾಡಬ್ಯಾಡ್ರಿ, ಇಲ್ಲ ಅಂತ ಕೂಸಿನ್ನ ಕೈಗೆ ಕೊಡಬ್ಯಾಡ್ರಿ. ಅಲ್ಲಿಂದ ನೋಡಲಿ.”

ನಾನು ಬಾಗಿಲಲ್ಲಿ ಕೂಸನ್ನು ಎತ್ತಿ ಹಿಡಿದೆ. ಹಿರಿಯರೆದುರು ಗಂಡನ ಜೊತೆ ಮಾತಾಡುವ ಕಾಲವಲ್ಲ ಅದು. ಅತ್ತೆಯೇ ನಡುವೆ ಓಡಾಡಿದರು.

“ಮೂಗು ಯಾರದು ಅಂತ ಕೇಳ್ತಾನವಾ.”

“ಅವರದ,” ಎಂದು ಪಿಸುಗುಟ್ಟಿದೆ.

ಅತ್ತೆ ಕಟ್ಟೆಗೆ ಹೋದರು. “ನಿಂದಂತಲೇ. ಪಾಪ, ಆ ಕೂಸು ಏನ್ ತಪ್ಪು ಮಾಡಿತ್ತು?”

ಇವರು ನಕ್ಕರು. ನಗು ಕೆಮ್ಮಾಯಿತು. ಇವರು ಅತ್ತ ತಿರುಗಿ, ಕೆಮ್ಮು ನಿಲ್ಲುವವರೆಗೂ ಕಾದು, ಟವೆಲ್ ಬಿಗಿದುಕೊಂಡು ಮತ್ತೆ ಕೂಸಿನ ಕಡೆ ನೋಡಿದರು.

ಆಮೇಲೆ ವಾರವಾರವೂ ಬಂದು ಅಲ್ಲೇ ಕೂತು ಹೋದರು. ಎರಡನೆಯ ಪರೀಕ್ಷೆಯಲ್ಲಿ ಇಲ್ಲ ಎಂದು ಬಂತು. ಅವತ್ತು ಬಂದವರು ಮೆಟ್ಟಿಲ ಹತ್ತಿರವೇ ನಿಂತುಬಿಟ್ಟರು. “ಒಳಗ ಬಾರಲೇ,” ಎಂದು ಅತ್ತೆ ಕರೆದರೂ ಹತ್ತಲಿಲ್ಲ. ಅಪ್ಪನ ಎದುರಿಗೇ ನಾನು ಇಳಿದು ಹೋಗಿ, ಕೂಸನ್ನು ಅವರ ಕೈಗಿಟ್ಟೆ.

ಇಷ್ಟು ವರ್ಷ ನಿಮಗೆ ಕಥೆ ಹೇಳುವಾಗ ನಾನೂ ಆ ದಿನಗಳನ್ನು ತೆಗೆದೇ ಹೇಳುತ್ತಿದ್ದೆ. ನಿಮ್ಮಪ್ಪ ಹುಟ್ಟಿದ, ದೇಶನೂರಿಗೆ ಬಂದೆವು, ಅಷ್ಟೇ. ನಿನ್ನೆ ಮೊದಲ ಸಲ ಮೊಮ್ಮಗಳಿಗೆ ಪೂರ್ತಿ ಹೇಳಿದೆ. ಅವಳು ಆ ನಡುವೆ ಉಳಿದವರಿಗೆಂದು ಕಂಪ್ಯೂಟರಿನಲ್ಲಿ ಬೇರೆಯೇ ಒಂದು ಸಾಲು ಮಾಡಿದಳು.

“ಅಜ್ಜಿ, ಕಟ್ಟಿ ಎಷ್ಟು ದೂರ ಇತ್ತು?”

“ಇಲ್ಲಿಂದ ನಮ್ಮ ಗೇಟಿನ ತನಕ.”

ಅವಳು ಗೇಟಿನ ಕಡೆಗೇ ನೋಡುತ್ತ ಕೂತಳು. ನಾನೂ ನೋಡಿದೆ.