ಮೆಟ್ಟಿಲ ಮೇಲೆ ಅರಳಿದ ಬಳೆ ಚೂರು

"ಯಾರೂ ನನ್ನ ಮುಟ್ಬೇಡಿ. ಅಲ್ಲಾಡಿದ್ರೆ ಹೋಗ್ಬಿಡುತ್ತೆ" ಎಂದರು ನನ್ನ ಅತ್ತೆ. ಬಸವನಗುಡಿಯ ನಮ್ಮ ಮನೆ ಮೆಟ್ಟಿಲ ಮೇಲೆ ಕುಳಿತು, ಒಂದು ಕಣ್ಣು ಮುಚ್ಚಿ, ನನ್ನ ಮಗಳು ಶಾಲೆಗೆಂದು ಮಾಡಿದ ಕೆಲಿಡೋಸ್ಕೋಪನ್ನು ಬಿಸಿಲಿಗೆ ಹಿಡಿದಿದ್ದರು. ಉಸಿರನ್ನೂ ಬಿಗಿಹಿಡಿದಂತಿತ್ತು.

ಆ ಕೊಳವೆಯೊಳಗೆ ಇದ್ದದ್ದು ಇಷ್ಟೇ: ತ್ರಿಕೋನವಾಗಿ ಅಂಟಿಸಿದ ಮೂರು ಕನ್ನಡಿ ಪಟ್ಟಿ, ತುದಿಯಲ್ಲಿ ಒಡೆದ ಗಾಜಿನ ಬಳೆಯ ಚೂರುಗಳು. ಆ ಚೂರುಗಳಿಗಾಗಿ ಬೆಳಗ್ಗೆ ಜಗಳವೇ ಆಗಿತ್ತು. ಒಡೆದ ಬಳೆ ಮನೆಯೊಳಗೆ ಇರಕೂಡದೆಂದು ಅತ್ತೆ ಹಟ ಹಿಡಿದು, ಮೊಮ್ಮಗಳನ್ನು ಕತ್ತರಿ, ಅಂಟು ಸಮೇತ ಹೊರಗೆ ಮೆಟ್ಟಿಲಿಗೆ ಕಳಿಸಿದ್ದರು. ಮಾಡಿ ಮುಗಿಸಿದ ಮೇಲೆ ಅವಳೇ ಅಜ್ಜಿಯನ್ನು ಕೈಹಿಡಿದು ಕರೆತಂದಿದ್ದಳು.

ಬಹಳ ಹೊತ್ತಾದರೂ ಅವರು ಅದನ್ನು ಕೆಳಗಿಡಲಿಲ್ಲ. ಕೊನೆಗೆ ಮಗಳು ಮೆಲ್ಲಗೆ ಕೊಳವೆಯನ್ನು ತಿರುಗಿಸಿದಳು. ಅತ್ತೆ ಒಮ್ಮೆ ಬೆಚ್ಚಿ, ಮತ್ತೆ ಕಣ್ಣನ್ನು ಕೊಳವೆಗೆ ಒತ್ತಿದರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಳ್ಳುವಂತೆ, "ಐವತ್ತು ವರ್ಷದಿಂದ ಚುಕ್ಕಿ ಎಣಿಸಿ ರಂಗೋಲಿ ಹಾಕ್ತಿದೀನಿ. ಇದು ಚುಕ್ಕಿನೇ ಇಲ್ದೆ ಹಾಕ್ಬಿಡ್ತಲ್ಲೇ" ಎಂದರು.

ನಾನೂ ಇಣುಕಿ ನೋಡಿದೆ. ಎಂಟು-ಹತ್ತು ಚೂರುಗಳು ಕನ್ನಡಿಯಿಂದ ಕನ್ನಡಿಗೆ ಹಾರಿ, ಕಣ್ಣು ಹೋದಷ್ಟು ದೂರ ಹಸಿರು, ಕೆಂಪು ಹೂವಾಗಿ ಹರಡಿದ್ದವು. ಒಡೆದದ್ದು ಯಾವುದೆಂದು ಹುಡುಕಿದರೂ ಸಿಗಲಿಲ್ಲ.

ಇದೆಲ್ಲ ಆದ ಮೇಲೆ, ಕಳೆದ ವಾರ ಪಾತ್ರೆ ತೊಳೆಯುವಾಗ ನನ್ನದೊಂದು ಹಸಿರು ಬಳೆ ಒಡೆಯಿತು. ಎಂದಿನಂತೆ ಚೂರುಗಳನ್ನು ಆಯ್ದುಕೊಂಡು ಹೊರಗಿನ ಗಿಡದ ಬುಡಕ್ಕೆ ಹಾಕಲು ಹೊರಟೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಅಂಗೈ ಚಾಚಿದರು.