ಮೇಷ್ಟ್ರ ಹತ್ತು ಹೆಜ್ಜೆ

ಮೊನ್ನೆ ಸಿಟಿ ಬಸ್ಸಿನಲ್ಲಿ ಪಕ್ಕದವರ ಮೈಯಿಂದ ಮಹಾನಾರಾಯಣ ತೈಲದ ವಾಸನೆ ಬಂತು. ಬೇರೆ ಸೀಟಿಗೆ ಹೋಗೋಣವೆಂದರೆ ಜಾಗವಿರಲಿಲ್ಲ. ಬೇಡವೆಂದರೂ ಮೇಷ್ಟ್ರು ನೆನಪಾದರು...

ದಟ್ಟಗಳ್ಳಿಯ ಅವರ ಮನೆಗೆ ನಾನು ಕೆಲಸಕ್ಕೆ ಹೋಗುತ್ತಿದ್ದೆ. ಹೈಸ್ಕೂಲಿನಲ್ಲಿ ಆಟ ಕಲಿಸಿ ರಿಟೈರಾದವರು. ಹೆಂಡತಿ ತೀರಿಕೊಂಡ ಮೇಲೆ ಡಿಸ್ಕ್ ಗಾಲ್ಫ್ ಎಂಬ ಆಟ ಹಿಡಿದುಕೊಂಡರು. ತಟ್ಟೆಯಂಥ ಪ್ಲಾಸ್ಟಿಕ್ ಬಿಲ್ಲೆಯನ್ನು ದೂರದಿಂದ ಎಸೆಯುತ್ತಾ ಹೋಗಿ, ಕೊನೆಗೆ ಕಂಬಕ್ಕೆ ಕಟ್ಟಿದ ಕಬ್ಬಿಣದ ಬುಟ್ಟಿಗೆ ಹಾಕಬೇಕು. ಬುಟ್ಟಿಯ ಮೇಲೆ ಸುತ್ತ ಸರಪಳಿ ಇಳಿಬಿಟ್ಟಿರುತ್ತದೆ, ಬಿಲ್ಲೆ ಅದಕ್ಕೆ ಬಡಿದು ಒಳಗೆ ಬೀಳುತ್ತದೆ. ಆ ಕೊನೆಯ ಎಸೆತಕ್ಕೆ ಪಟ್ ಅನ್ನುತ್ತಾರೆ. ಭಾನುವಾರ ಗೆಳೆಯರ ಜೊತೆ ಮೈದಾನಕ್ಕೆ ಹೋಗಿ ಆಡುತ್ತಿದ್ದರು. ಲಕ್ವ ಹೊಡೆದು ಬಲಗೈ ಜೋತುಬಿದ್ದ ಮೇಲೆ ಅದು ನಿಂತಿತು.

ಸುಮ್ಮನೆ ಕೂರುವವರಲ್ಲ. ಉದಯಗಿರಿಯಲ್ಲಿ ಬುಟ್ಟಿ ವೆಲ್ಡ್ ಮಾಡಿಸಿ ಪಕ್ಕದ ಖಾಲಿ ಸೈಟಿನಲ್ಲಿ ನಿಲ್ಲಿಸಿದರು. ಹತ್ತು ಹೆಜ್ಜೆ ಎಣಿಸಿ ಇಟ್ಟಿಗೆ ಇಟ್ಟರು. “ಇಲ್ಲಿಂದ ಹತ್ತಕ್ಕೆ ಹತ್ತು ಬಿದ್ದ ದಿನ ಮೈದಾನಕ್ಕೆ ಹೋಗ್ತೀನಿ. ಅಲ್ಲೀವರ್ಗೂ ಆ ಗೆಳೆಯರ ಮುಂದೆ ನಿಲ್ಲಲ್ಲ” ಎಂದರು. ಬಲಗೈಗೆ ಅದೇ ಮಹಾನಾರಾಯಣ ತೈಲ ತಿಕ್ಕಿಕೊಂಡು ಬಂದು ಎಡಗೈಯಲ್ಲಿ ಎಸೆಯುತ್ತಿದ್ದರು. ಒಂದೂ ಬೀಳುತ್ತಿರಲಿಲ್ಲ. ಆಯ್ದು ಕೊಡುವುದು ನನ್ನ ಪಾಲಿಗೆ ಬಂತು.

ಮದುವೆ ಛತ್ರದಲ್ಲಿ ತಟ್ಟೆ ತೊಳೆದವಳು ನಾನು. ತೊಳೆದದ್ದನ್ನು ಕೂತಲ್ಲಿಂದಲೇ ಬುಟ್ಟಿಗೆ ಎಸೆಯುತ್ತಿದ್ದೆ. ನೋಡಿ ನೋಡಿ ತಡೆಯಲಾಗಲಿಲ್ಲ.

“ಬುಟ್ಟೀನೆಲ್ಲಾ ಯಾಕ್ ನೋಡ್ತೀರಾ ಮೇಷ್ಟ್ರೇ? ಸರಪಳೀಲಿ ಒಂದೇ ಒಂದ್ ಕೊಂಡಿ ನೋಡಿ. ಬರೀ ಕೈಲಿ ಎಸೀಬೇಡಿ, ಮಂಡಿ ಬಗ್ಸಿ ಮೈನೂ ಮುಂದಕ್ ಬುಡಿ.”

“ಮೂವತ್ತು ವರ್ಷ ಆಟ ಕಲಿಸ್ದೋನಿಗೆ ನೀನು ಪಾಠ ಹೇಳ್ತೀಯೇನಮ್ಮ?”

“ಬೀಳ್ತಾ ಇದ್ದಿದ್ರೆ ನಾನ್ಯಾಕ್ ಬಾಯ್ ಬುಡ್ತಿದ್ದೆ?”

ನಕ್ಕರು. ಆದರೆ ಮಂಡಿ ಬಗ್ಗಿಸಿದರು. ಎಸೆದ ಮೇಲೂ ಕೈಯನ್ನು ಸರಪಳಿಯತ್ತ ಹಾಗೇ ಚಾಚಿ ನಿಲ್ಲುವುದನ್ನು ತಾವೇ ಕಂಡುಕೊಂಡರು. ಎರಡು ಬಿತ್ತು, ನಾಲ್ಕು ಬಿತ್ತು. ಆರು ತಿಂಗಳಿಗೆ ಏಳಕ್ಕೆ ಬಂದು ನಿಂತರು. ಮುಂದಕ್ಕೆ ಹೋಗಲಿಲ್ಲ. ದಿನಾ ಮುಖ ಸಣ್ಣಗೆ ಮಾಡಿಕೊಂಡು ಒಳಗೆ ಹೋಗುವರು.

ಆಗ ನಾನೊಂದು ಕೆಲಸ ಮಾಡಿದೆ. ಸೈಟು ಗುಡಿಸುವಾಗ ಆ ಇಟ್ಟಿಗೆಯನ್ನು ದಿನಕ್ಕೆ ಅಂಗೈಯಗಲ ಬುಟ್ಟಿಯ ಕಡೆಗೆ ತಳ್ಳುತ್ತಾ ಬಂದೆ. ಪಾಪ ಎಂದಷ್ಟೇ ಅಲ್ಲ, ನೆಲದಿಂದ ಆಯ್ದು ಆಯ್ದು ನನಗೂ ಸೊಂಟ ಹಿಡಿದಿತ್ತು.

ಒಂದು ಶನಿವಾರ ಹತ್ತಕ್ಕೆ ಹತ್ತು ಬಿತ್ತು. ಮೇಷ್ಟ್ರು ಅಲ್ಲೇ ಕೂತು ಅತ್ತರು. ನಾನು ಬುಟ್ಟಿಯಿಂದ ಬಿಲ್ಲೆ ತೆಗೆದು ಚೀಲಕ್ಕೆ ಹಾಕಿದೆ.

ಮರುದಿನ ಇಸ್ತ್ರಿ ಮಾಡಿದ ಟೀಶರ್ಟು ಹಾಕಿಕೊಂಡು ಮೈದಾನಕ್ಕೆ ಆಟೋ ಹತ್ತಿದರು. ಚೀಲ ಹಿಡಿದು ನಾನೂ ಹೋದೆ. ಗೆಳೆಯರೆಲ್ಲ ಸುತ್ತ ನಿಂತರು. ಮೇಷ್ಟ್ರು ಬುಟ್ಟಿಯಿಂದ ಹತ್ತು ಹೆಜ್ಜೆ ಎಣಿಸಿ ಗೆರೆ ಎಳೆಸಿ ಎಸೆದರು. ಕೈ ಹತ್ತಿರಕ್ಕೆ ಒಗ್ಗಿಹೋಗಿತ್ತು. ಬಿಲ್ಲೆಗಳು ಒಂದಾದ ಮೇಲೊಂದು ಬುಟ್ಟಿ ಮುಟ್ಟದೆ ನೆಲಕ್ಕೆ ಬಿದ್ದವು.

“ಪರ್ವಾಗಿಲ್ಲ ಸಾರ್, ಎರಡ್ ಹೆಜ್ಜೆ ಮುಂದೆ ಬನ್ನಿ” ಎಂದರು ಒಬ್ಬರು.

ಮೇಷ್ಟ್ರು ಆಟೋ ಕರೆಸಿದರು. ಸೀದಾ ಸೈಟಿಗೆ ಹೋಗಿ ಬುಟ್ಟಿಯಿಂದ ಹೆಜ್ಜೆ ಎಣಿಸಿದರು. ಎಂಟಕ್ಕೇ ಇಟ್ಟಿಗೆ ಸಿಕ್ಕಿತು.

“ನೀನಾ?”

“ಹೂಂ, ನಾನೇ.”

ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಏಳು ಬೀಳ್ತಿತ್ತಲ್ಲ ಕಣಮ್ಮ... ಆ ಏಳು ನಂದಾಗಿತ್ತು” ಎಂದು ಒಳಗೆ ಹೋದರು.

ಇಟ್ಟಿಗೆಯನ್ನು ಮತ್ತೆ ಹಿಂದಕ್ಕಿಟ್ಟೆ. “ಬನ್ನಿ ಮೇಷ್ಟ್ರೇ, ಆಯ್ದು ಕೊಡ್ತೀನಿ” ಎಂದು ದಿನಾ ಕರೆದೆ. ಬರಲಿಲ್ಲ. ಮೂರು ತಿಂಗಳಿಗೆ ಇನ್ನೊಂದು ಸಲ ಲಕ್ವ ಹೊಡೆಯಿತು, ಹೋಗಿಬಿಟ್ಟರು. ಮಣ್ಣಿಗೆ ಬಂದಿದ್ದ ಗೆಳೆಯರೊಬ್ಬರು ಹೇಳಿದರು, ಅಷ್ಟು ದೂರದಿಂದ ಅವರಲ್ಲೇ ಎಷ್ಟೋ ಜನಕ್ಕೆ ಏಳು ಬೀಳುವುದಿಲ್ಲವಂತೆ. ಮೇಷ್ಟ್ರಿಗೆ ಅದು ಗೊತ್ತಿದ್ದಿರಬೇಕು. ನನಗೆ ಗೊತ್ತಿರಲಿಲ್ಲ.

ಈಗ ಆ ಸೈಟಿನಲ್ಲಿ ಯಾರದೋ ಮನೆ ಎದ್ದಿದೆ. ಮೇಷ್ಟ್ರಿಲ್ಲ. ಇದ್ದಾಗ ದಿನಾ ಬನ್ನಿ ಬನ್ನಿ ಎಂದೆನೇ ಹೊರತು, ತಪ್ಪಾಯಿತು ಎಂದು ಒಂದು ದಿನವೂ ಅನ್ನಲಿಲ್ಲ.