ನನ್ನ ಕಡೆ ತಿರುಗಿ ಹೇಳು

"ಇವ ಬಿ.ಎಸ್ಸಿ. ಆದ್ರೆ ನನ್ನ ಮೀಸೆ ಬೋಳಿಸ್ತೀನಿ" ಎಂದು ನಮ್ಮೂರು ಆನಗೋಡಿನಲ್ಲಿ ನಾಲ್ಕು ಜನರೆದುರು ನನ್ನ ಬಗ್ಗೆ ಹೇಳಿದವರು ನಮ್ಮ ದೊಡ್ಡಪ್ಪ. ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ.

ಹಿರಿಯರ ಮುಖ ನೋಡಿ ಮಾತಾಡಿದರೆ ನಮ್ಮಲ್ಲಿ ಸೊಕ್ಕು ಎನ್ನುತ್ತಿದ್ದರು. ತಲೆ ತಗ್ಗಿಸಿ, ಅರ್ಧ ಮಾತು ನುಂಗಿಯೇ ಬೆಳೆದೆ. ದಾವಣಗೆರೆಯ ಕಾಲೇಜಿನಲ್ಲಿ ಅದೇ ನನಗೆ ಮುಳುವಾಯಿತು. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನ ಪರೀಕ್ಷಕರು ಬಂದು ಎದುರಿಗೆ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. ತಾಲೀಮಿಗೆಂದು ನಮ್ಮ ಮೇಷ್ಟ್ರು ಕೇಳಿದಾಗ ನಾನು ನೆಲ ನೋಡುತ್ತ ಗೊಣಗಿದೆ.

"ಕೇಳಿಸದಂಗೆ ಹೇಳಿದ್ರೆ ಗೊತ್ತಿಲ್ಲ ಅಂತಲೇ ಬರ್ಕೋತಾರಪ್ಪ. ಫೇಲಾಗ್ತೀಯ" ಎಂದರು.

ನಾನಿದ್ದದ್ದು ದಾವಣಗೆರೆಯಲ್ಲೇ, ನಿಟ್ಟುವಳ್ಳಿಯ ಸೋದರಮಾವನ ಮನೆಯಲ್ಲಿ. ಮಾವ ಹತ್ತಿ ಗಿರಣಿಯ ಕಾರ್ಮಿಕರು. ಮಗ್ಗಗಳ ಸದ್ದಿಗೆ ಕಿವಿ ಮಂದವಾಗಿತ್ತು. ಆ ಗದ್ದಲದಲ್ಲಿ ಗಿರಣಿಯವರು ಮಾತಾಡುವ ರೀತಿಯೇ ಬೇರೆ: ಮುಖಕ್ಕೆ ಮುಖ ಕೊಟ್ಟು, ಒಂದು ಸಲಕ್ಕೆ ಒಂದೇ ಮಾತು. ಎದುರಿನವ ತಲೆ ಆಡಿಸಿದ ಮೇಲಷ್ಟೇ ಮುಂದಿನದು.

ನನ್ನ ಸಂಕಟ ತಿಳಿದ ಮಾವ, "ದಿನಾ ಓದಿದ್ದನ್ನ ನಂಗೆ ಹೇಳು" ಎಂದರು.

"ನಿಮಗೆಲ್ಲಿ ತಿಳಿತೈತೆ ಮಾವ" ಎಂದೆ. ಅವರಿಗೆ ಕೇಳಿಸಲಿಲ್ಲ. ಒಲೆ ಮುಂದಿದ್ದ ಅತ್ತೆ ನಕ್ಕರು: "ಅದನ್ನೂ ನಿನ್ನ ಅಂಗಿ ಗುಂಡಿಗೇ ಹೇಳಿದೆಲ್ಲೋ!"

ಅಂದಿನಿಂದ ದಿನವೂ ಪಾಠ ಒಪ್ಪಿಸಬೇಕಾಯಿತು. ಅಮಾವಾಸ್ಯೆಗೆ ಹರಿಹರಕ್ಕೆ ಹೊರಟಾಗ ರೈಲಿನಲ್ಲೂ ಮಾವ ಬಿಡಲಿಲ್ಲ. "ಒಂದು ಹಳಿಗೆ ಇನ್ನೊಂದು ಹಳಿ ಕೂಡೋ ಕಡೆ ಸಂದು ಯಾಕ ಬಿಟ್ಟಾರೆ?" ಎಂದು ಜೋರಾಗಿ ಕೇಳಿದರು. ಡಬ್ಬಿಯವರೆಲ್ಲ ತಿರುಗಿ ನೋಡಿದರು. ಬೆವರುತ್ತಲೇ ಮುಖ ಎತ್ತಿದೆ.

"ಬಿಸಿಲಿಗೆ ಕಬ್ಬಿಣ ಹಿಗ್ತೈತೆ." ಮಾವ ತಲೆ ಆಡಿಸಿದರು. "ಹಿಗ್ಗಾಕೆ ಜಾಗ ಇಲ್ಲ ಅಂದ್ರೆ ಹಳಿ ಸೊಟ್ಟ ಆಗ್ತಾವೆ."

ಎದುರಿಗೆ ಕೂತಿದ್ದ ಅಜ್ಜಿಯೊಬ್ಬಳು, "ಗಾಡಿ ಗಾಲಿಗೆ ಕಬ್ಬಿಣದ ಪಟ್ಟಿ ಕಾಸಿ ಹಿಗ್ಗಿಸಿ ಹಾಕ್ತಾರಲ್ಲ, ಹಂಗೆ ಅನ್ನು!" ಎಂದಳು. ನಾನು ಹೇಳಿದ್ದು ಗುರುತಿಲ್ಲದವರೊಬ್ಬರಿಗೆ ಪೂರ್ತಿ ತಲುಪಿದ್ದು ಅದೇ ಮೊದಲು.

ಪರೀಕ್ಷೆಯ ದಿನ ಮುಖ ಎತ್ತಿ ನಿಂತೆ. ಪರೀಕ್ಷಕರ ಜಾಗದಲ್ಲಿ ಮಾವನೇ ಇದ್ದಾರೆಂದುಕೊಂಡು, ನನ್ನ ಹರಕು ಇಂಗ್ಲಿಷಿನಲ್ಲೇ ಒಂದು ಮಾತು ಹೇಳಿದೆ. ಅವರು ತಲೆ ಆಡಿಸಿದರು. ಇನ್ನೊಂದು ಹೇಳಿದೆ.

ಇಂದಿಗೂ ಯಾರೊಂದಿಗೆ ಮಾತಾಡಿದರೂ ಎದುರಿನವರು ತಲೆ ಆಡಿಸಲಿ ಎಂದು ಕಾಯುತ್ತೇನೆ. ಮಾವನ ಆ ಋಣ ದೊಡ್ಡದು.

ಸರ್ಟಿಫಿಕೇಟು ಸಿಕ್ಕ ದಿನ ನೇರ ಗಿರಣಿಯ ಗೇಟಿಗೆ ಹೋಗಿ ಮಾವನ ಮುಂದೆ ಚಾಚಿದೆ. ಅರಳೆ ಮೆತ್ತಿದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದರು.

"ಏನಂತ ಐತೆ? ನನ್ನ ಕಡೆ ತಿರುಗಿ ಹೇಳು."

"ನಾನು ಬಿ.ಎಸ್ಸಿ. ಪಾಸಾಗೀನಿ, ಮಾವ."

ತಲೆ ಆಡಿಸಿದರು. ಕಣ್ಣು ತುಂಬಿತ್ತು.

"ಈಗ ಆನಗೋಡಿಗೆ ಹೋಗು. ನಿಮ್ಮ ದೊಡ್ಡಪ್ಪನ ಮುಂದೆ ನಿಂತು ಇದನ್ನೇ ಹೇಳು. ನೆಲ ನೋಡಬ್ಯಾಡ, ಅವನ ಮೀಸೆ ನೋಡಿ ಹೇಳು!"